ಆಮ್‌ಸ್ಟರ್‌ಡ್ಯಾಮಿನಲ್ಲಿ ಬಸವರಾಜ

ದೆವ್ವ, ಶಕುನ, ಕನಸಿನ ಫಲ ಎಂದು ಯಾರಾದರೂ ಶುರುಮಾಡಿದರೆ ನಕ್ಕು ಎದ್ದುಹೋಗುತ್ತಿದ್ದವನು ನಾನು. ಈಗ ನಗುವ ಸರದಿ ನಿಮ್ಮದು. ಬೇಸರವಿಲ್ಲ, ಪೂರ್ತಿ ಕೇಳಿ ಆಮೇಲೆ ನಗಿ.

ಮೊದಲು ಬಸವರಾಜನ ವಿಷಯ ಹೇಳಬೇಕು. ತಿಪಟೂರಿನ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು, ನೊಣವಿನಕೆರೆ ಕಡೆಯ ತೋಟದ ಮನೆಯವನು. ರಜೆ ಬಂದರೆ ನಾನು ಅವರ ಅಟ್ಟದಲ್ಲೇ ಠಿಕಾಣಿ. ನಮ್ಮ ಕಡೆ ತೆಂಗಿನಕಾಯನ್ನು ವರ್ಷದ ಹತ್ತಿರ ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಬಿಟ್ಟು ಕೊಬ್ಬರಿ ಮಾಡುತ್ತಾರೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಎಂದರೆ ಒಳಗೆ ಕೊಬ್ಬರಿ, ಕುಳುಕುಳು ಎಂದರೆ ಇನ್ನೂ ನೀರು. ಬಸವರಾಜ ಕಾಯಿ ನೋಡುತ್ತ ನೋಡುತ್ತ ಹಿಂದಿನಿಂದ ಬಂದು ನನ್ನ ತಲೆಯನ್ನೇ ಎರಡೂ ಕೈಯಲ್ಲಿ ಹಿಡಿದು, ಕಿವಿಗೆ ಕಿವಿ ಒತ್ತಿ ಅಲ್ಲಾಡಿಸುತ್ತಿದ್ದ. “ಇನ್ನೂ ನೀರೈತೆ ಕಣ್ಲಾ, ಕೊಬ್ರಿ ಆಗಿಲ್ಲ” ಎಂದು ನಗುತ್ತಿದ್ದ.

ಅವನಿಗದು ಆಟ. ನನಗೆ ಆಟವಾಗಿರಲಿಲ್ಲ. ನಾನು ಅವನನ್ನು ಪ್ರೀತಿಸುತ್ತಿದ್ದೆ, ಈಗಲೂ ಹೌದು. ಅವನಿಗೂ ಹಾಗೇನಾದರೂ ಅನ್ನಿಸುತ್ತದೆಯೇ ಎಂದು ಕೇಳುವ ಧೈರ್ಯ ಬರುವಷ್ಟರಲ್ಲಿ ಅವನ ಮದುವೆಯಾಯಿತು. ಚಪ್ಪರದಲ್ಲಿ ಓಡಾಡಿ ಪಾಯಸ ಬಡಿಸಿದವನು ನಾನೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ನಾನಿದ್ದ ನಾರಿನ ಕಾರ್ಖಾನೆಯವರು ನನ್ನನ್ನು ಹಾಲೆಂಡಿಗೆ ಕಳಿಸಿದರು. ಅಲ್ಲಿ ಹೂವು ಬೆಳೆಯುವವರಿಗೆ ಮಣ್ಣಿನ ಬದಲು ನಮ್ಮ ತೆಂಗಿನ ನಾರಿನ ಪುಡಿ ಬೇಕಂತೆ. ಹಗಲೆಲ್ಲ ಪುಡಿಯ ಗುಣಗಾನ ಮಾಡಿ, ರಾತ್ರಿ ಆಮ್‌ಸ್ಟರ್‌ಡ್ಯಾಮಿನ ಬೀದಿಗೆ ಒಬ್ಬನೇ ಹೊರಬಿದ್ದೆ. ಆ ದೇಶದಲ್ಲಿ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೆಂದು ಕಾನೂನು ಬಂದದ್ದನ್ನು ಪೇಪರಿನಲ್ಲಿ ಓದಿದ್ದೆ. ಅಂಥವರು ಸೇರುವ ಬಾರುಗಳು ಎಲ್ಲಿವೆ ಎಂದು ಕೇಳಲು ನಾಲಿಗೆ ಏಳಲಿಲ್ಲ. ಅಲೆದೇ ಹುಡುಕಿದೆ.

ಮೊದಲನೆಯದರಲ್ಲಿ ಹಾಡಿನ ಅಬ್ಬರಕ್ಕೆ ಎದೆ ಅದುರಿತು. ಮೈಗೆ ಮೈ ತಾಗಿಸಿ ಕುಣಿಯುವ ಹುಡುಗರ ನಡುವೆ ಬಸ್ಸು ತಪ್ಪಿದವನ ಹಾಗೆ ಬ್ಯಾಗು ಅಪ್ಪಿಕೊಂಡು ನಿಂತೆ. ಎರಡನೆಯದು ಹೆಂಗಸರದು. ಬಾಗಿಲಲ್ಲಿದ್ದಾಕೆ ನಕ್ಕು ಪಕ್ಕದ ಓಣಿ ತೋರಿಸಿದಳು. ಅಲ್ಲಿ ಮೆಟ್ಟಿಲಿಳಿದರೆ ಒಂದು ಸಣ್ಣ ಬಾರು. ಮುದುಕನೊಬ್ಬ ಅಕಾರ್ಡಿಯನ್ ನುಡಿಸುತ್ತಿದ್ದ. ನಮ್ಮ ಸೋದರತ್ತೆಯ ವಯಸ್ಸಿನ ಇಬ್ಬರು ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು, ಕೆನ್ನೆಗೆ ಕೆನ್ನೆ ಕೊಟ್ಟು ಕುಣಿಯುತ್ತಿದ್ದರು. ಯಾರೂ ಅವರನ್ನು ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಅಳು ಬಂತು. ಬಸವರಾಜ ಇಲ್ಲಿರಬೇಕಿತ್ತು ಎಂದು ಬಾಯಿಬಿಟ್ಟೇ ಅಂದೆ.

ಆಗ ಹಿಂದಿನಿಂದ ಎರಡು ಕೈ ನನ್ನ ತಲೆಯನ್ನು ಹಿಡಿದವು. ಒಂದು ಕಿವಿ ನನ್ನ ಕಿವಿಗೆ ಒತ್ತಿತು. ಆ ಕೈಗಳು ಮೆಲ್ಲಗೆ ಅಲ್ಲಾಡಿಸಿದವು. ಒರಟು ಅಂಗೈ, ಅಟ್ಟದ ಹೊಗೆಯ ವಾಸನೆ. ನಾನು ತಿರುಗಲಿಲ್ಲ. ತಿರುಗಿದರೆ ಯಾರೋ ಕುಡುಕನ ಮುಖ ಕಂಡು ಆ ಸುಖ ಹಾಳಾದೀತೆಂದು ಹೆದರಿ ಕಣ್ಣು ಮುಚ್ಚಿ ನಿಂತೆ. ಕೈಗಳು ಬಿಟ್ಟ ಮೇಲೆ ನೋಡಿದರೆ, ಬೆನ್ನಿಗೆ ತಾಗಿದಂತೆ ಗೋಡೆಯಿತ್ತು. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಅಲ್ಲಿರಲಿಲ್ಲ.

ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಚಾಕಲೇಟ್ ಡಬ್ಬಿ ಹಿಡಿದು ಬಸವರಾಜನ ಮನೆಗೆ ಹೋದರೆ ಅವನು ಅಟ್ಟದಲ್ಲಿದ್ದ. ಹತ್ತಿ ಹೋಗಿ ಕುಳಿತೆ. ಅವನು ಒಂದೇ ಕಾಯನ್ನು ಸುಮ್ಮನೆ ಕೈಯಲ್ಲಿ ತಿರುಗಿಸುತ್ತಿದ್ದ.

“ಆ ಹೆಂಗಸ್ರು ಚಪ್ಲಿ ಯಾಕ್ಲಾ ಕೈಯಾಗೆ ಹಿಡ್ಕಂಡಿದ್ರು?” ಎಂದ.

ನಾನು ಚಾಕಲೇಟ್ ಡಬ್ಬಿ ಕೆಳಗಿಟ್ಟೆ. “ಯಾವ ಹೆಂಗಸ್ರು?”

“ನೀನು ಆ ದೇಶದಾಗಿದ್ದಾಗ ಒಂದು ಕನಸು ಬಿತ್ತು ಕಣ್ಲಾ. ಮೆಟ್ಲಿಳಿದು ಬಂದೆ. ನಿನ್ನ ತಲೆ ಹಿಡಿದು ಅಲ್ಲಾಡಿಸ್ದೆ.” ನನ್ನ ಮುಖ ನೋಡದೆ ಕೇಳಿದ: “ನೀನ್ಯಾಕ್ಲಾ ತಿರುಗಿ ನೋಡ್ಲಿಲ್ಲ?”

ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಅವನ ಹೆಂಡತಿ ಕೂಗಿದರು: “ಕಾಫಿ ಆರೋಯ್ತದೆ ಕಣ್ರೀ, ಇಬ್ರೂ ಇಳಿದು ಬನ್ನಿ.” ಅವನು ಕಾಯನ್ನು ರಾಶಿಗೆ ಹಾಕಿ ಇಳಿದುಹೋದ. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಚಪ್ಪಲಿಯ ವಿಷಯ ಅವನಿಗೆ ಹೇಗೆ ತಿಳಿಯಿತು, ನನ್ನನ್ನು ಹಿಡಿದ ಕೈ ಯಾರದು, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಈಗ ಸಂತೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಹಿಂದೆ ಯಾರು ಬಂದು ನಿಂತರೂ ತಿರುಗಿ ನೋಡುತ್ತೇನೆ.