ಘಾಟು ಹತ್ತದ ಶರಣಮ್ಮ

ಒಲೆಗೆ ಮೆಣಸಿನಕಾಯಿ ಬಿದ್ದರೆ ಓಣಿಯೆಲ್ಲ ಕೆಮ್ಮುತ್ತದೆ. ಶರಣಮ್ಮ ಕೆಮ್ಮುತ್ತಿರಲಿಲ್ಲ.

ಮೊದಲು ಹಾಗಿರಲಿಲ್ಲ. ದೇವದುರ್ಗದ ಕಡೆಯಿಂದ ಬಂದು, ರಾಯಚೂರಿನ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ತಾಯಿ ಈರಮ್ಮನ ಜೊತೆ ಇದ್ದ ಹುಡುಗಿ. ನಾನು ಒಗ್ಗರಣೆ ಹಾಕಿದರೆ ಸಾಕು, ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುವಳು. "ಅಮ್ಮಾರ, ಸಾರು ಮಾಡಾಕತ್ತೀರೋ, ನಮ್ಮನ್ನ ಓಡಸಾಕತ್ತೀರೋ?" ಅವಳು ಕೇಂದ್ರದ ಪೊಲೀಸ್ ಪಡೆಗೆ ಸೇರಿದಾಗ ಈರಮ್ಮ ಓಣಿಗೆಲ್ಲ ಪೇಢೆ ಹಂಚಿದಳು.

ಕಳಿಸಿದ್ದು ಈಶಾನ್ಯದ ಬೆಟ್ಟಗಳಿಗೆ. ಅಲ್ಲಿ ಎರಡು ಜನಾಂಗಗಳು ಬಂದೂಕು ಹಿಡಿದು ಬಡಿದಾಡುತ್ತಿದ್ದವು.

ಮೊದಲ ರಜೆಗೆ ಬಂದ ಸಂಜೆ ಈರಮ್ಮ ಮಗಳಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ ತಾಗಿದೆ ಎನ್ನುತ್ತಾರೆ ನಮ್ಮಲ್ಲಿ. ಈರಮ್ಮನೂ ನಾನೂ ಕೆಮ್ಮಿ ಕಣ್ಣೀರಾದೆವು. ಶರಣಮ್ಮ ಕದಲಲಿಲ್ಲ.

"ನಿನಗೊಬ್ಬಾಕಿಗೆ ಯಾಕ ಹತ್ತವಲ್ದು? ಯಾರ ಕಣ್ಣು ಬಿತ್ತೇ ಯವ್ವಾ!" ಎಂದಳು ಈರಮ್ಮ.

"ಕಣ್ಣಲ್ಲಬೇ, ರೂಢಿ. ಅಲ್ಲೆ ಟಿಯರ್ ಗ್ಯಾಸ್ ಹೊಡಿತೀವಿ. ಗಾಳಿ ತಿರುಗಿದ್ರ ನಮ್ಮ ಮಕಕ್ಕ ಬರ್ತದ."

"ಯಾರ ಮ್ಯಾಲ ಹೊಡಿತೀರಿ?"

"ಹೆಣ್ಮಕ್ಕಳ ಮ್ಯಾಲ."

ಅಲ್ಲಿಯ ಸಣ್ಣ ಜನಾಂಗದವರು ಊರ ಕಾವಲಿಗೆ ಕಟ್ಟಿಕೊಂಡಿದ್ದ ಮರಳುಚೀಲದ ಗೋಡೆ ಕೆಡವಲು ಪಡೆ ಹೊರಟಿತ್ತಂತೆ. ಅದು ಹೋದರೆ ನಮ್ಮನ್ನು ಕಾಯುವವರು ಯಾರು ಎಂದು ತಾಯಂದಿರು ರಸ್ತೆಗೆ ಅಡ್ಡ ಕುಳಿತರಂತೆ. ಹೆಂಗಸರನ್ನು ಎಬ್ಬಿಸಲು ಹೆಂಗಸರೇ ಬೇಕೆಂದು ಇವಳನ್ನು ಮುಂದೆ ನಿಲ್ಲಿಸಿದ್ದರು.

"ಒಬ್ಬಾಕಿ ಮುದುಕಿ ನನ್ನ ಬೂಟು ಹಿಡಕೊಂಡು ಏನೋ ಅಂದ್ಳ್ರೀ ಅಮ್ಮಾರ. ಬೈದ್ಳೋ, ಬೇಡಿಕೊಂಡ್ಳೋ, ಆ ಭಾಷಿ ನನಗೆಲ್ಲಿ ಬರ್ತದ? ಆರ್ಡರ್ ಬಂತು. ರಟ್ಟಿ ಹಿಡಿದು ಎಳದೆ. ನಮ್ಮವ್ವನ ರಟ್ಟಿಗತೇನ ಇತ್ತು."

ಈರಮ್ಮ ಮೆಲ್ಲಗೆ ತನ್ನ ಕೈ ಸೆರಗಿನೊಳಗೆ ಎಳೆದುಕೊಂಡಳು.

ರಜೆ ಮುಗಿದ ದಿನ ಸ್ಟೇಷನ್ನಿನಲ್ಲಿ ಅವಳ ತಲೆಗೆ ರಾಯರ ಮಂತ್ರಾಕ್ಷತೆ ಹಾಕಿದೆ. ಕೈ ಹಿಡಿದು ಕೇಳಿದಳು: "ಮತ್ತ ಆರ್ಡರ್ ಬಂದ್ರ ಏನ ಮಾಡ್ಲ್ರೀ? ನಿಮ್ಮ ರಾಯರನ್ನ ಒಂದು ಮಾತು ಕೇಳ್ರಿ."

"ಹೊತ್ತಿಗೆ ಸರಿಯಾಗಿ ಊಟ ಮಾಡವಾ" ಎಂದೆ. ರೈಲು ಹೊರಟಿತು.

ಆಮೇಲೆ ಆಗಾಗ ಫೋನು ಬರುತ್ತಿತ್ತು. "ಇವತ್ತ ಆರ್ಡರ್ ಬರ್ಲಿಲ್ರೀ ಅಮ್ಮಾರ." ರಾಯರದು ಇಷ್ಟಾದರೂ ಕರುಣೆ ಎಂದು ಆ ದಿನ ತುಪ್ಪದ ದೀಪ ಹಚ್ಚುತ್ತಿದ್ದೆ. ಈಗ ಆ ಕಡೆ ಫೋನೇ ಬಂದ್. ಟಿವಿಯಲ್ಲಿ ಹೊಗೆ ಕಾಣುತ್ತದೆ. ಹೆಲ್ಮೆಟ್ಟಿನೊಳಗಿನ ಮುಖ ಕಾಣುವುದಿಲ್ಲ.

ನಿನ್ನೆ ಈರಮ್ಮ ಮಗಳ ಫೋಟೊಕ್ಕೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. "ನೋಡ್ರೀ, ಘಾಟ ಬಂತು! ಅಕಿಗೇನೂ ಆಗಿಲ್ಲ" ಎಂದು ಕೆಮ್ಮುತ್ತಲೇ ನಕ್ಕಳು. ನಾನು ತಲೆಯಾಡಿಸಿದೆ. ಆ ಬೆಟ್ಟದ ಮುದುಕಿಗೂ ಒಂದು ಹಿಡಿ ನಿವಾಳಿಸು ಎನ್ನಬೇಕೆಂದಿದ್ದೆ. ಕೆಮ್ಮು ಬಿಡಲಿಲ್ಲ.