ಅಕ್ಕನ ಬೆಳ್ಳಿ

ನಾನು ಮದುವೆಯಾಗಿ ಪುಣೆಗೆ ಬಂದದ್ದು ಸತ್ತವಳೊಬ್ಬಳ ಜಾಗಕ್ಕೆ. ಆಕೆಯ ಕೊಡ, ಆಕೆಯ ಕೌದಿ, ಆಕೆಯ ಗಂಡ, ಎಲ್ಲ ಬಳಸಿದ್ದೇ ನನಗೆ ಸಿಕ್ಕಿತು. ಅತ್ತೆಯ ಬೈಗುಳಗಳಾದರೂ ಹೊಸವಿರಬಹುದು ಅಂದುಕೊಂಡಿದ್ದೆ. ಪಕ್ಕದ ಶೆಡ್ಡಿನ ಮುದುಕಿ ನಕ್ಕು, “ಇವ ಬೈಗಳಾ ಅಕಿಗೂ ಬೈತಿದ್ಳವ್ವಾ,” ಅಂದಳು.

ತೊಂಬತ್ತರ ದಶಕದ ನಡುವಿನ ಮಾತು. ಸದಾಶಿವ ಪೇಠೆಯ ಹಳೇ ವಾಡೆಗಳನ್ನು, ಅಂದರೆ ದೊಡ್ಡ ತೊಟ್ಟಿಮನೆಗಳನ್ನು, ಒಂದೊಂದಾಗಿ ಕೆಡವಿ ಫ್ಲ್ಯಾಟು ಕಟ್ಟುತ್ತಿದ್ದರು. ಯಾದಗಿರಿ ಕಡೆಯಿಂದ ಬಂದ ನಾವು ಕೆಡವುವ ಕೆಲಸಕ್ಕಿದ್ದೆವು. ಸಾಗವಾನಿ ತೊಲೆ, ಬಾಗಿಲು, ಕಲ್ಲು ಗುತ್ತೇದಾರನಿಗೆ. ಮಣ್ಣಿನಲ್ಲಿ ಉಳಿದ ಮೊಳೆ, ನಲ್ಲಿ, ಪೈಪಿನ ತುಂಡು, ವೈರು ಹೆಣ್ಣುಮಕ್ಕಳಿಗೆ. ಗಂಡಸರು ಗೋಡೆ ಉರುಳಿಸಿ ಬೀಡಿ ಸೇದಲು ಕೂತ ಮೇಲೆ ನಾವು ಆ ಧೂಳಿನ ಗುಡ್ಡೆ ಹತ್ತಿ ಕೈಯಿಂದ ಕೆದರುತ್ತಿದ್ದೆವು. ನನ್ನ ಗಂಡನೂ ಗೋಡೆ ಕೆಡವುವವನೇ. ಎಂಥ ಗೋಡೆಯನ್ನಾದರೂ ಕೆಡವುತ್ತಿದ್ದ, ತನ್ನ ಅವ್ವನೆದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಅತ್ತೆಯ ಸೊಂಟದಲ್ಲಿ ಹುರಿಗೆ ಕಟ್ಟಿದ ಒಂದು ಅಯಸ್ಕಾಂತ ಇರುತ್ತಿತ್ತು, ಒಡೆದ ಸ್ಪೀಕರಿನಿಂದ ಕಿತ್ತದ್ದು. ಹಿಡಿದರೆ ಕಬ್ಬಿಣ, ಅಗ್ಗದ್ದು. ಹಿಡಿಯದಿದ್ದರೆ ತಾಮ್ರ ಇಲ್ಲವೆ ಹಿತ್ತಾಳೆ, ಬೆಲೆಯುಳ್ಳದ್ದು. ಗುಜರಿ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೂ ಲೋಹದಲ್ಲಿ ಮೋಸ ಮಾಡಲಾಗುತ್ತಿರಲಿಲ್ಲ. “ಮಂದಿ ಸುಳ್ಳ ಹೇಳ್ತಾರ, ನನ್ನ ಚುಂಬಕ ಹೇಳೂದಿಲ್ಲ,” ಅನ್ನುತ್ತಿದ್ದಳು. ದೇವರ ಮೇಲೂ ಆಕೆಗೆ ಅನುಮಾನವಿತ್ತು, ಅದರ ಮೇಲೆ ಇರಲಿಲ್ಲ.

ಮೊದಲ ಬಸಿರು ಮೂರು ತಿಂಗಳಿಗೇ ಹೋಯಿತು. ರಕ್ತದ ಬಟ್ಟೆ ಒಗೆಯುತ್ತ ಕೂತಿದ್ದ ನನ್ನ ಹಿಂದೆ ಬಂದು ನಿಂತು ಅತ್ತೆ ಹೇಳಿದಳು: “ಅಕ್ಕ ಒಯ್ದಾಳ.” ಅಕ್ಕ ಅಂದರೆ ಸತ್ತ ಮೊದಲ ಹೆಂಡತಿ. ನಾನು ಮುಖವನ್ನೂ ನೋಡದವಳು ನನಗೆ ಅಕ್ಕ.

ಅವರ ಮನೆತನದಲ್ಲಿ ಒಂದು ಪದ್ಧತಿ. ಗಂಡು ಎರಡನೇ ಮದುವೆಯಾದರೆ, ತೀರಿಹೋದ ಮೊದಲನೆಯವಳ ಮುಖವನ್ನು ಒಂದು ಸಣ್ಣ ಬೆಳ್ಳಿಯ ಬಿಲ್ಲೆಯ ಮೇಲೆ ಮೂಡಿಸಿ, ಎರಡನೆಯವಳು ಅದನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಬೆಳ್ಳಿಯನ್ನು ಎರಡನೆಯವಳೇ ತನ್ನ ದುಡಿಮೆಯಿಂದ ತರಬೇಕು, ಅದೂ ಬ್ರಿಟಿಷರ ಕಾಲದ, ರಾಣಿಯ ಮುಖದ ಹಳೇ ಬೆಳ್ಳಿ ರೂಪಾಯಿಯಾಗಿಯೇ ತರಬೇಕು. ಐದು ರೂಪಾಯಿ ಕೂಡಿದ ಮೇಲೆ ಕರಗಿಸುವುದು. ಅಲ್ಲಿಯವರೆಗೆ ಸತ್ತವಳ ಸಿಟ್ಟು ಇಳಿಯುವುದಿಲ್ಲ, ಎರಡನೆಯವಳ ಹೊಟ್ಟೆಯಲ್ಲಿ ಕೂಸು ನಿಲ್ಲುವುದಿಲ್ಲ.

ಪಕ್ಕದ ಮುದುಕಿಗೆ ಇದನ್ನು ಹೇಳಿದೆ. ಆಕೆ ಎಲೆಯಡಿಕೆ ಉಗುಳಿ, “ಬದುಕಿದ್ದಾಗ ಅಕಿಗೆ ನಿಮ್ಮತ್ತಿ ತೂತು ಬಿದ್ದ ತಾಟಿನ್ಯಾಗ ಉಣ್ಣಾಕ ಹಾಕ್ತಿದ್ಳು. ಗ್ವಾಡಿ ಬಿದ್ದು ಸತ್ತ ಮ್ಯಾಲ ಬೆಳ್ಳಿ ಬೇಕಾತೇನು?” ಅಂದಳು.

ನಾನು ಏಳನೇ ಇಯತ್ತೆ ಪಾಸಾದವಳು. ಸತ್ತವರು ಕೂಸು ಒಯ್ಯುತ್ತಾರೆ ಅನ್ನುವುದನ್ನು ಪೂರಾ ನಂಬಲಿಲ್ಲ. ಆದರೆ ಎರಡನೇ ಸಲ ಬಸಿರಾದಾಗ ನಂಬದೆ ಇರುವ ಧೈರ್ಯವೂ ಬರಲಿಲ್ಲ. ಆ ಮನೆಯಲ್ಲಿ ಯಾರೂ ಬಳಸದ್ದು ಒಂದು ನನಗೆ ಬೇಕಿತ್ತು. ಒಂದು ಕೂಸು, ನನ್ನದೇ. ಅದಕ್ಕಾಗಿ ಯಾರ ಮುಖವನ್ನು ಬೇಕಾದರೂ ಕೊರಳಿಗೆ ಕಟ್ಟಿಕೊಳ್ಳಲು ತಯಾರಿದ್ದೆ.

ಹೆಚ್ಚು ದುಡ್ಡು ಬರುವುದು ವೈರಿನಲ್ಲಿ. ಹಾಗೇ ಮಾರಿದರೆ ವೈರಿನ ಬೆಲೆ, ಮೇಲಿನ ರಬ್ಬರು ಸುಟ್ಟು ಮಾರಿದರೆ ತಾಮ್ರದ ಬೆಲೆ. ಶೆಡ್ಡಿನ ಹಿಂದೆ ನಾಲೆಯ ದಂಡೆಗೆ ಕೂತು ದಿನಾ ಸುಟ್ಟೆ. ಕರಿ ಹೊಗೆ ಗಂಟಲಿಗಿಳಿದು ಉಂಡದ್ದೆಲ್ಲ ರಬ್ಬರಿನ ರುಚಿ ಆಗುತ್ತಿತ್ತು. ಕಾರ್ಪೊರೇಷನ್ ದವಾಖಾನೆಯ ನರ್ಸಬಾಯಿ ನನ್ನ ಕೆಮ್ಮು ಕೇಳಿ, ಈ ಹೊಗೆ ಕೂಸಿಗೆ ಒಳ್ಳೆಯದಲ್ಲ, ಬಿಟ್ಟುಬಿಡು ಅಂದಳು. ಅದನ್ನು ಅತ್ತೆಗೆ ಹೇಳಿದೆ. “ಆ ನರ್ಸಬಾಯಿಗೆ ಅಕ್ಕನ ಸುದ್ದಿ ಏನ್ ಗೊತ್ತದ? ಬೆಳ್ಳಿ ಇಲ್ಲಂದ್ರ ಇದೂ ಹೋಗ್ತದ ನೋಡು,” ಅಂದಳು. ಕೂಸನ್ನು ಉಳಿಸಿಕೊಳ್ಳಲು ಕೂಸಿಗೆ ಹೊಗೆ ಕುಡಿಸಿದೆ. ಈಗ ಇದನ್ನು ಬರೆಯುವಾಗಲೂ ಅತ್ತೆಯ ಮೇಲೆ ನನ್ನ ಮೈ ಉರಿಯುತ್ತದೆ.

ದುಡ್ಡು ಅತ್ತೆಯ ಕೈಗೆ. ಸರಾಫರ ಅಂಗಡಿಗೆ ಆಕೆ ಹೋಗುತ್ತಿರಲಿಲ್ಲ. ಅವರು ನಮ್ಮ ಕಾಲಿನ ಧೂಳು ನೋಡಿ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ, ಮೇಲೆ ಬೆಲೆಯೂ ಜಾಸ್ತಿ. ಹಳೇ ಸಾಮಾನು ಮಾರುವ ಜುನಾ ಬಜಾರಿನಲ್ಲಿ ನೆಲದ ಮೇಲೆ ಬಟ್ಟೆ ಹಾಸಿ ಹಳೇ ನಾಣ್ಯ ಮಾರುವವನೊಬ್ಬ ಇದ್ದ. ಕನ್ನಡ ಮಾತಾಡುತ್ತಿದ್ದ. “ಬರ್ರಿ ಅವ್ವಾರ, ಕೂಡ್ರಿ” ಅನ್ನುತ್ತಿದ್ದ. ಪುಣೆಯಲ್ಲಿ ಅತ್ತೆಗೆ ರೀ ಹಚ್ಚಿ ಮಾತಾಡಿಸಿದವನು ಅವನೊಬ್ಬನೇ ಇರಬೇಕು. ಆಕೆ ರೂಪಾಯಿ ಎತ್ತಿ, ಸೊಂಟದಿಂದ ಅಯಸ್ಕಾಂತ ಬಿಚ್ಚಿ, ತಾಗಿಸುತ್ತಿದ್ದಳು. “ನೋಡು, ಹಿಡೀವಲ್ದು. ಅಪ್ಪಟ ಬೆಳ್ಳಿ.” ಅವನು ಸುಮ್ಮನೆ ತಲೆಯಾಡಿಸುತ್ತಿದ್ದ.

ಹೊಟ್ಟೆ ಎದ್ದು ಕಾಣುವ ಹೊತ್ತಿಗೆ ಐದೂ ಕೂಡಿದವು. ನಮ್ಮ ಕಡೆಯವನೇ ಒಬ್ಬ ಪತ್ತಾರ, ಬೆಳ್ಳಿ ಕೆಲಸದವನು, ಒಂದು ಓಣಿಯ ಬಾಯಲ್ಲಿ ಕುಲುಮೆ ಇಟ್ಟುಕೊಂಡಿದ್ದ. ಅತ್ತೆ ಅವನಿಗೆ ಸತ್ತವಳ ಮುಖ ಹೇಗೆ ಬಡಿಯಬೇಕೆಂದು ಹೇಳತೊಡಗಿದಳು: ಅಗಲ ಹಣೆ, ದೊಡ್ಡ ಮೂಗುಬೊಟ್ಟು. ಅವನು ಒಂದು ರೂಪಾಯಿಯನ್ನು ಒರೆಗಲ್ಲಿಗೆ ತಿಕ್ಕಿ, ಮೇಲೊಂದು ಹನಿ ಆಸಿಡ್ ಬಿಟ್ಟ. ಮತ್ತೊಂದನ್ನು ತಿಕ್ಕಿದ. ಐದನ್ನೂ ತಿಕ್ಕಿ ಮುಗಿಸಿ ಅವನ್ನು ನಮ್ಮ ಕಡೆ ಸರಿಸಿದ.

“ಇದು ಬೆಳ್ಳಿ ಅಲ್ರಿ ಅವ್ವಾರ. ಜರ್ಮನ್ ಸಿಲ್ವರ್. ಒಳಗ ತಾಮ್ರನ ಜಾಸ್ತಿ.”

ಅತ್ತೆ ಅಯಸ್ಕಾಂತ ಬಿಚ್ಚಿ ಅವನ ಮುಖದ ಮುಂದೆ ಹಿಡಿದಳು. “ಹುಚ್ಚಿ ಮಾಡ್ತಿ ಏನ್ ನನಗ? ನೋಡು! ಹಿಡೀವಲ್ದು!”

“ಚುಂಬಕ ತಾಮ್ರಾನೂ ಹಿಡ್ಯೂದಿಲ್ಲಲ್ರಿ. ಹಂಗಂತ ತಾಮ್ರ ಬೆಳ್ಳಿ ಆಗ್ತದೇನ್ರಿ?”

ನಾನು ನಕ್ಕುಬಿಟ್ಟೆ. ತಡೆಯಲಾಗಲಿಲ್ಲ. ದಿನಾ ಬೆಳಗಾದರೆ ಅಯಸ್ಕಾಂತ ಹಿಡಿಯದ ತಾಮ್ರವನ್ನು ಎತ್ತಿ ಎತ್ತಿ ನನ್ನ ಬುಟ್ಟಿಗೆ ಹಾಕುತ್ತಿದ್ದವಳು ಆಕೆಯೇ. ನಾನು ಸುಟ್ಟು ಮಾರಿದ ತಾಮ್ರ ರಾಣಿಯ ಮುಖ ಹಚ್ಚಿಕೊಂಡು ನಮ್ಮ ಕೈಗೇ ತಿರುಗಿ ಬಂದಿತ್ತು. ಹೊರಗೆ ಬಂದದ್ದೇ ಅತ್ತೆ ನನ್ನ ಕೆನ್ನೆಗೆ ಬಾರಿಸಿದಳು.

“ಬೆಳ್ಳಿ ಖೊಟ್ಟಿ ಅಲ್ಲ, ನಿನ್ನ ದುಡಿಮಿ ಖೊಟ್ಟಿ. ಅಕ್ಕ ನಿನ್ನ ಕೈಯಿಂದ ಒಲ್ಲೆ ಅಂದಾಳ. ಅದಕ್ಕ ಬೆಳ್ಳಿ ತಾಮ್ರ ಆಗ್ಯದ.”

ನಾಣ್ಯ ಮಾರುವವನು ಆ ವಾರ ಬಜಾರಿನಲ್ಲಿ ಇರಲಿಲ್ಲ, ಮುಂದಿನ ವಾರವೂ ಇರಲಿಲ್ಲ. ನನ್ನನ್ನು ಮತ್ತೆ ವೈರು ಸುಡಲು ಕೂಡಿಸಿದಳು. ಗಂಡ ಎಲ್ಲ ಕೇಳಿಸಿಕೊಂಡು ಚಹಾ ಕುಡಿದು ಕೆಲಸಕ್ಕೆ ಹೋದ.

ಎಂಟು ತಿಂಗಳು ತುಂಬುವ ಮೊದಲೇ, ಕೆಡವಿದ ವಾಡೆಯ ಮಣ್ಣಿನ ಮೇಲೆ ನನಗೆ ನೋವು ಬಂತು. ರಿಕ್ಷಾದಲ್ಲಿ ದವಾಖಾನೆಗೆ ಒಯ್ದರು. ಹೆಣ್ಣು ಹುಟ್ಟಿತು, ಅಂಗೈಯಗಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹೆಣ್ಣು ಅಂತ ಅತ್ತೆ ಏನು ಅನ್ನುತ್ತಾಳೋ ಎಂದು ಹಲ್ಲು ಕಚ್ಚಿ ಮಲಗಿದ್ದೆ. ಆಕೆ ಕೂಸನ್ನು ನೋಡಿ ಬರುತ್ತೇನೆಂದು ಹೋದವಳು ಬರಲೇ ಇಲ್ಲ. ಗೋಡೆ ಹಿಡಿದುಕೊಂಡು ಎದ್ದು ಹೋದೆ. ಅತ್ತೆ ಆ ಪೆಟ್ಟಿಗೆಯ ಮುಂದೆ ನೆಲದ ಫರಸಿಗೆ ಹಣೆ ಹಚ್ಚಿ ಬಿದ್ದಿದ್ದಳು.

ಕೂಸಿನ ಎಡಗಿವಿಯ ಹಿಂದೆ ಒಂದು ಕರಿ ಮಚ್ಚೆ ಇತ್ತು. ಸತ್ತವಳಿಗೂ ಅಲ್ಲೇ ಇತ್ತಂತೆ.

“ತಿರುಗಿ ಬಂದಿ ಏನವ್ವಾ ನನ್ನವ್ವಾ,” ಅನ್ನುತ್ತಿದ್ದಳು. “ಒಂದ್ ಪೈಪಿನ ತುಕಡಿ ಸಲುವಾಗಿ ನಿನ್ನ ಆ ಗ್ವಾಡಿ ಬುಡಕ ಕಳಿಸಿದೆ. ನೀ ಅಂಜಕಿ ಬರ್ತದ ಅಂದಿ. ನಾನ ದಬ್ಬಿದೆ. ಸಿಟ್ಟ ಬಿಡವ್ವಾ, ನಾ ನಿನ್ನ ರಾಣಿ ಹಂಗ ಇಡ್ತೀನಿ.”

ಗೋಡೆ ಬಿದ್ದು ಸತ್ತಳು ಅಂತಷ್ಟೇ ನಾನು ಕೇಳಿದ್ದೆ. ಗೋಡೆಯ ಕೆಳಗೆ ಕಳಿಸಿದವರು ಯಾರು ಅನ್ನುವುದು ಆವತ್ತು ಗೊತ್ತಾಯಿತು. ಸತ್ತವಳ ಮೇಲೆ ಮೊದಲ ಸಲ ನನಗೆ ಕನಿಕರ ಬಂತು. ಅದರ ಹಿಂದೆಯೇ ಹೆದರಿಕೆಯೂ ಬಂತು, ಏಕೆಂದರೆ ಅತ್ತೆ ನನ್ನ ಕೂಸನ್ನು ಆ ಸತ್ತವಳಿಗೆ ಕೊಟ್ಟುಬಿಟ್ಟಿದ್ದಳು.

ಬಿಲ್ಲೆಯ ಮಾತು ಮತ್ತೆ ಬರಲಿಲ್ಲ. ಅಕ್ಕನೇ ಬಂದ ಮೇಲೆ ಅಕ್ಕನ ಮುಖ ಯಾಕೆ? ತೊಟ್ಟಿಲಿಗೆ ಹಾಕಿದ ದಿನ ಊರಿಂದ ಬಂದಿದ್ದ ನಾದಿನಿ ಕೂಸಿನ ಕಿವಿಯಲ್ಲಿ ಸತ್ತವಳ ಹೆಸರನ್ನೇ ಉಸುರಿದಳು. ನನ್ನ ತಾಮ್ರದ ದುಡ್ಡಿನಿಂದಲೇ ಅತ್ತೆ, ಈ ಸಲ ಸರಾಫನ ಬಾಗಿಲಿಗೆ ಹೋಗಿ, ಕೂಸಿಗೆ ಬೆಳ್ಳಿಯ ಉಡದಾರ ತಂದಳು. ಮಗಳು ಅತ್ತೆಯ ಮಗ್ಗುಲಲ್ಲಿ ಮಲಗಬೇಕು, ನಾನು ಹಾಲು ಕೊಟ್ಟು ಎದ್ದು ಬರಬೇಕು. “ನೀ ಹಡದಾಕಿ ಅಷ್ಟ. ಅಕಿ ಈ ಮನಿಗೆ ನಿನಗಿಂತ ಮೊದಲ ಬಂದಾಕಿ,” ಅನ್ನುತ್ತಿದ್ದಳು. ಕೊರಳಿಗೆ ಕಟ್ಟಿಕೊಳ್ಳಬೇಕಿದ್ದ ಸವತಿಗೆ ಮೊಲೆ ಕೊಟ್ಟು ಬೆಳೆಸಿದೆ. ನಾನು ಹೊಸದಾಗಿ ಹೆತ್ತದ್ದನ್ನೂ ಆ ಮನೆ ಹಳೆಯದು ಮಾಡಿತು. ಮಗಳು ತಪ್ಪು ಮಾಡಿದಾಗ ನಾನು ಕಣ್ಣು ಬಿಟ್ಟರೂ ಸಾಕು, “ಹಿರೇ ಸೊಸಿಗೆ ಕಣ್ಣ ಬಿಡ್ತಿ?” ಅಂತ ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದಳು.

ವರ್ಷಗಳು ಹೋದವು. ಪೇಠೆಯಲ್ಲಿ ಕೆಡವಲು ವಾಡೆಗಳು ಕಡಿಮೆಯಾದವು. ವಿಮಾನ ನಗರದಲ್ಲಿ ಮಾಲ್‌ಗಳು ಏಳುತ್ತಿದ್ದವು, ಗಂಡ ಅಲ್ಲಿ ಕಟ್ಟುವ ಕೆಲಸಕ್ಕೆ ಸೇರಿದ. ಒಂದು ಪಕ್ಕಾ ಖೋಲಿ ಹಿಡಿದೆವು. ಅತ್ತೆ ಹಾಸಿಗೆ ಹಿಡಿದಳು. ನನ್ನ ಕೈಯಿಂದ ಉಂಡು, ನನ್ನ ಕೈಯಿಂದ ತೊಳೆಸಿಕೊಂಡು, ದಿನಾ ಸಂಜೆ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಕಾಲು ಮುಟ್ಟಿ ಕೇಳುತ್ತಿದ್ದಳು: “ನನ್ನ ಮ್ಯಾಲ ಸಿಟ್ಟಿಲ್ಲಲ್ಲ?” ಹುಡುಗಿ ಇಲ್ಲ ಅನ್ನಬೇಕು. ಅಂದ ಮೇಲೇ ಮುದುಕಿಯ ಬಾಯಿಗೆ ತುತ್ತು ಇಳಿಯುತ್ತಿತ್ತು.

ಒಂದು ದಿನ ನೀರು ತರುವಾಗ ಮಗಳು ಕೇಳಿದಳು: “ಅವ್ವಾ, ನಾ ಯಾರು?” ಅಕ್ಕನ ಕಥೆ, ಬೆಳ್ಳಿಯ ಕಥೆ, ಹೊಗೆಯ ಕಥೆ, ಒಂದನ್ನೂ ಬಿಡದೆ ಹೇಳಿದೆ. ಅವಳು ಕೊಡ ಹೊತ್ತು ಮುಂದೆ ನಡೆದಳು.

ಅದೇ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ದಿನದಂತೆ ಅವಳ ಕಾಲು ಮುಟ್ಟಿ ಕೇಳಿದಳು. ಮಗಳು ಕಾಲು ಹಿಂದಕ್ಕೆಳೆದುಕೊಂಡಳು.

“ನಾ ಆಕಿ ಅಲ್ಲಜ್ಜಿ. ಸಿಟ್ಟ ಅದನೋ ಇಲ್ಲೋ ನಾ ಹ್ಯಾಂಗ ಹೇಳ್ಲಿ? ಆಕಿ ಸತ್ತಾಳ.”

ಅತ್ತೆ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನಿಂದ ಏನನ್ನೋ ಬೇಡುತ್ತಿದ್ದಳು. “ಹೇಳ, ಅಕಿಗೆ ತಿಳಿಸಿ ಹೇಳ,” ಅಂದಳು. ಒಂದು ಸುಳ್ಳು ಸಾಕಿತ್ತು, ಆ ಜೀವ ಸಮಾಧಾನದಿಂದ ಹೋಗುತ್ತಿತ್ತು. ನಾನು ಹಿಟ್ಟಿನ ಕೈ ತೊಳೆದುಕೊಂಡು ಬಂದು, ಮಗಳನ್ನು ನನ್ನ ಪಕ್ಕಕ್ಕೆ ಎಳೆದುಕೊಂಡೆ.

“ಖರೇನ ಹೇಳ್ಯಾಳ್ರಿ ಅತ್ತಿ,” ಅಂದೆ. “ಇಕಿ ನನ್ನ ಮಗಳು. ನಿಮ್ಮ ಸೊಸಿ ಸತ್ತು ಭಾಳ ವರ್ಷ ಆದವು.”