ಕೆಂಪು ಪಟ್ಟಿ ಕಟ್ಟಿದ ಅಕ್ಕ

ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲು ದಾಟುವ ಮುಂಚೆ ಅಕ್ಕ ತಾಳಿಸರವನ್ನು ಶರ್ಟಿನೊಳಕ್ಕೆ ಇಳಿಬಿಟ್ಟು, ಮೇಲಿನಿಂದ ಒಂದು ಸೇಫ್ಟಿ ಪಿನ್ನು ಹಾಕಿ ಬಿಗಿಮಾಡಿಕೊಳ್ಳುತ್ತಿದ್ದರು. ಒಂದೇ ಜಾಗಕ್ಕೆ ಪಿನ್ನು ಚುಚ್ಚಿ ಚುಚ್ಚಿ ಅವರ ಖಾಕಿ ಶರ್ಟುಗಳಿಗೆಲ್ಲ ಕಾಲರಿನ ಕೆಳಗೆ ಸಣ್ಣ ತೂತುಗಳಾಗಿದ್ದವು. ಕೈಗೆ ಬಳೆ ಇಲ್ಲ, ಜಡೆ ಟೋಪಿಯೊಳಗೆ. ನಮ್ಮ ಕೊರಳಲ್ಲಿ ಗುರುತಿನ ಚೀಟಿಯ ದಾರ ನೇತಾಡುತ್ತಿದ್ದರೆ ಮಾತಾಡದೆ ತೆಗೆದು ನಮ್ಮ ಜೇಬಿಗೇ ತುರುಕುತ್ತಿದ್ದರು.

ದೊಡ್ಡಬಳ್ಳಾಪುರದ ಕಡೆ, ಹೊಲಗಳ ನಡುವೆ, ಸಣ್ಣ ವಿಮಾನ ಹಾರಿಸುವುದನ್ನು ಕಲಿಸುವ ಒಂದು ಶಾಲೆಯಲ್ಲಿ ಅವರು ಹಿರಿಯ ಮೆಕ್ಯಾನಿಕ್. ಊರು ಬೂದಿಗೆರೆ. ಹೊರಗಿನವರಿಗೆ ಮೇಡಂ, ನಮಗೆ ಅಕ್ಕ. ಹತ್ತಿರದ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಷೀನು ರಿಪೇರಿ ಮಾಡಿಕೊಂಡಿದ್ದ ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಮಷೀನು ಅಂದರೆ ನನಗೆ ಗೊತ್ತು ಅನ್ನುವ ಜಂಬ ಆಗ.

ಮೊದಲ ದಿನ ನಿಂತಿದ್ದ ವಿಮಾನದ ಪ್ರೊಪೆಲ್ಲರ್ ಮೇಲೆ ಕೈಯೂರಿ ನಿಂತಿದ್ದೆ.

"ಕೈ ತೆಗಿ" ಅಂದರು.

"ಕೀ ಆಫೀಸಲ್ಲಿದೆಯಲ್ಲ ಅಕ್ಕ."

"ಕೀ ಆಫೀಸಲ್ಲಿರೋದು ನಿನಗೆ ಗೊತ್ತು ಕಣಪ್ಪ. ಎಂಜಿನ್ನಿಗೆ ಗೊತ್ತಾ?"

ಆಮೇಲೆ ಒಳಗಿನ ತಂತಿ ತೋರಿಸಿದರು. ಕೀ ಆಫ್ ಮಾಡಿದಾಗ ಕಿಡಿ ನಿಲ್ಲಿಸುವುದು ಆ ತಂತಿ. ಅದು ತುಂಡಾದರೆ ಕೀ ತೆಗೆದಿದ್ದರೂ ಕಿಡಿ ಹತ್ತುತ್ತದೆ. ಪ್ರೊಪೆಲ್ಲರನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದರೂ ಸಾಕು, ಎಂಜಿನ್ ಎದ್ದು ಹೊಡೆಯುತ್ತದೆ.

ಎಂಜಿನ್ ಶುರು ಮಾಡುವಾಗ ಚಕ್ರಗಳಿಗೆ ಮರದ ತುಂಡು ಅಡ್ಡ ಇಟ್ಟು, ವಿಮಾನವನ್ನು ಒಂದು ಸುತ್ತು ಹಾಕಿ, ಪೈಲಟ್ಟಿಗೆ ಕಾಣುವ ಹಾಗೆ ದೂರ ನಿಂತುಕೊಳ್ಳುತ್ತಿದ್ದರು. ಅವನು "ಕ್ಲಿಯರ್" ಅಂತ ಕೂಗಬೇಕು, ಇವರು ಹೆಬ್ಬೆಟ್ಟು ಎತ್ತಬೇಕು, ಆಮೇಲೆ ಕೀ. ಒಮ್ಮೆ ಕಲಿಯುವವನೊಬ್ಬ ಕೂಗುತ್ತಲೇ ಕೀ ತಿರುಗಿಸಿಬಿಟ್ಟ. ಅಕ್ಕ ಎಂಜಿನ್ ನಿಲ್ಲಿಸಲು ಹೇಳಿ ಅವನನ್ನು ಕೆಳಗಿಳಿಸಿದರು.

"ಯಾಕೆ ಕೂಗಿದೆ?"

"ಕೂಗ್ಬೇಕು ಅಂತ ಹೇಳ್ಕೊಟ್ಟಿದಾರೆ ಮೇಡಂ."

"ಅಲ್ಲಿ ಯಾರಾದ್ರೂ ಇದ್ರೆ ಪಕ್ಕಕ್ಕೆ ಹೋಗ್ಲಿ ಅಂತ ಕೂಗೋದು. ಹೋಗೋಕೆ ಬಿಟ್ಯಾ ನೀನು?"

ಆ ದಿನ ಅವನನ್ನು ಹಾರಲು ಬಿಡಲಿಲ್ಲ. ಮ್ಯಾನೇಜರ್ ಸಿಡಿಮಿಡಿಗೊಂಡರು. ಅಕ್ಕ ಮರದ ತುಂಡು ಎತ್ತಿಕೊಂಡು ಮುಂದಿನ ವಿಮಾನದ ಕಡೆ ಹೋದರು.

ನಾನು ಸೇರಿದ ಆರನೇ ವರ್ಷದ ಒಂದು ಸಂಜೆ, ಒಂದು ವಿಮಾನದ ಎಂಜಿನ್ ಕೀ ಆಫ್ ಮಾಡಿದರೂ ನಿಲ್ಲಲಿಲ್ಲ. ಅಕ್ಕ ಪೆಟ್ರೋಲ್ ಬಂದ್ ಮಾಡಿ ನಿಲ್ಲಿಸಿದರು. ದೋಷದ ಪುಸ್ತಕದಲ್ಲಿ ಬರೆದು, ಪ್ರೊಪೆಲ್ಲರಿಗೆ 'ಮುಟ್ಟಬೇಡಿ' ಅಂತ ಬರೆದ ಕೆಂಪು ಬಟ್ಟೆಯ ಪಟ್ಟಿ ಕಟ್ಟಿದರು. ಗಂಟು ಬಿಗಿಯಾಗಲಿ ಅಂತ ತುದಿ ಹಿಡಿದವನು ನಾನೇ. ಮರುದಿನ ಬೆಳಿಗ್ಗೆ ಅಕ್ಕ ಗಂಡನನ್ನು ಡಯಾಲಿಸಿಸ್‌ಗೆ ಹೊಸಕೋಟೆಗೆ ಕರೆದುಕೊಂಡು ಹೋಗಬೇಕಿತ್ತು. "ಮಧ್ಯಾಹ್ನ ಬಂದು ತಂತಿ ಸರಿಮಾಡಿ ಬಿಚ್ತೀನಿ. ಅಲ್ಲೀವರೆಗೆ ಅದರ ಹತ್ರ ಯಾರನ್ನೂ ಬಿಡ್ಬೇಡ" ಅಂದರು.

ಬೆಳಿಗ್ಗೆ ಶಾಲೆ ನೋಡಲು ಯಾರೋ ದೊಡ್ಡವರು ಬರುವವರಿದ್ದರು. ಮ್ಯಾನೇಜರ್ ಬಂದು ಆ ಪಟ್ಟಿ ಬಿಚ್ಚಿ ಪ್ಯಾಂಟಿನ ಜೇಬಿಗಿಟ್ಟುಕೊಂಡರು. ನಾನು ನೋಡಿದೆ. ರಜೆ ಮುಗಿಸಿ ಆಗತಾನೆ ಬಂದಿದ್ದ ಸಾಸಲು ಊರಿನ ಫಿಟ್ಟರಿಗೆ, "ಇದನ್ನ ಸ್ವಲ್ಪ ಆ ಕಡೆ ಎಳೆದಿಡಪ್ಪ" ಅಂದರು. ಎಳೆಯುವ ಸಲಾಕೆ ಕೈಗೆ ಸಿಗಲಿಲ್ಲ. ಅವನು ಪ್ರೊಪೆಲ್ಲರ್ ಹಿಡಿದು ಎಳೆದ.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಬೇಡ ಅನ್ನಲು ಒಂದು ಉಸಿರು ಸಾಕಿತ್ತು. ಮ್ಯಾನೇಜರೇ ಹೇಳಿದ್ದಾರಲ್ಲ ಅಂದುಕೊಂಡು ನಿಂತೆ. ಎಂಜಿನ್ ಒಂದೇ ಸಲ ಕೆಮ್ಮಿತು. ಅವನ ಹೆಂಡತಿಗೆ ಹೆಣದ ಮುಖ ತೋರಿಸಲಿಲ್ಲ. ಬಟ್ಟೆ ಸುತ್ತಿಯೇ ಊರಿಗೆ ಕಳಿಸಿದರು.

ವಿಚಾರಣೆಯಲ್ಲಿ ಮ್ಯಾನೇಜರ್ ಪಟ್ಟಿ ಇರಲೇ ಇಲ್ಲ ಅಂದರು. ಪುಸ್ತಕದಲ್ಲಿರುವುದು ಘಟನೆಯಾದ ಮೇಲೆ ಬರೆದದ್ದು ಅಂದರು. ಫಿಟ್ಟರನದೂ ಅಜಾಗರೂಕತೆ ಅಂತ ಸೇರಿಸಿದರು. ಪಟ್ಟಿ ಕಟ್ಟಿದ್ದನ್ನು ಕಂಡಿದ್ದೀಯಾ ಅಂತ ವಿಚಾರಣೆಗೆ ಬಂದವರು ನನ್ನನ್ನು ಕೇಳಿದರು. ನನ್ನ ಕೆಲಸ ಖಾಯಂ ಮಾಡುವ ಕಾಗದ ಮ್ಯಾನೇಜರ್ ಮೇಜಿನ ಮೇಲಿತ್ತು. "ಗಮನಿಸಲಿಲ್ಲ ಸಾರ್" ಅಂದೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇವನೇ ತುದಿ ಹಿಡಿದಿದ್ದ ಅಂತ ಹೇಳಬಹುದಿತ್ತು, ಹೇಳಲಿಲ್ಲ. ಅವರನ್ನು ಕೆಲಸದಿಂದ ತೆಗೆದರು.

ಮೂರು ತಿಂಗಳು ಕಳೆಯಿತು. ಒಂದು ಭಾನುವಾರ ಬೂದಿಗೆರೆಗೆ ಹೋದೆ. ಅಕ್ಕ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಒಳಗೆ ಕರೆಯಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ.

"ಯಾಕಕ್ಕ ನನ್ನ ಹೆಸರು ಹೇಳಲಿಲ್ಲ?" ಅಂದೆ.

"ನೀನೇ ಹೇಳ್ತೀಯ ಅಂತ ಕಾದೆ" ಅಂದರು. ಮೊರ ನಿಲ್ಲಿಸಲಿಲ್ಲ. "ನನ್ಹತ್ರ ಹೇಳಿ ಏನಾಗ್ಬೇಕು ಈಗ? ಗಂಡ ಅವನದೇ ತಪ್ಪಿಂದ ಸತ್ತ ಅಂದ್ಕೊಂಡು ಆ ಫಿಟ್ಟರ್ ಹೆಂಡ್ತಿ ಕೂತಿದಾಳೆ ಸಾಸಲಲ್ಲಿ. ಅಲ್ಲಿಗೆ ಹೋಗು."

ಹೋದೆ. ಆ ಹೆಂಗಸು ಕೊನೆಯವರೆಗೂ ಕೇಳಿಸಿಕೊಂಡಳು. "ಅವರಿಗೆ ನೋವಾಯ್ತಾ?" ಅಂತ ಅದೊಂದನ್ನೇ ಕೇಳಿದಳು. "ಗೊತ್ತಾಗೋಷ್ಟು ಹೊತ್ತೂ ಇರಲಿಲ್ಲಮ್ಮ" ಅಂದೆ. ಮರುದಿನ ವಿಚಾರಣೆ ಮಾಡಿದವರಿಗೆ ಕಂಡದ್ದನ್ನೆಲ್ಲ ಬರೆದುಕೊಟ್ಟೆ. ಮ್ಯಾನೇಜರ್ ಮೇಲೆ ಕೇಸಾಯಿತು, ಅದಿನ್ನೂ ನಡೆಯುತ್ತಿದೆ. ಶಾಲೆಯವರು ಅಕ್ಕನನ್ನು ವಾಪಸ್ ಕರೆದರು. ಅಷ್ಟರಲ್ಲಿ ಅವರ ಗಂಡ ತೀರಿಕೊಂಡಿದ್ದರು. ಅಕ್ಕ ಬರಲಿಲ್ಲ.

ಈ ಆಷಾಢದಲ್ಲಿ ಜ್ವರ ಅಂತ ಮಲಗಿದವರು ಮತ್ತೆ ಏಳಲಿಲ್ಲ. ಮಣ್ಣು ಮಾಡುವ ದಿನ ಸಾಸಲಿನ ಆ ಹೆಂಗಸು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಶಾಲೆಯಲ್ಲಿ ಜೊತೆಗೆ ಕೆಲಸ ಮಾಡಿದವರಲ್ಲಿ ಬಂದವನು ನಾನೊಬ್ಬನೇ. ಅಕ್ಕ ನನ್ನನ್ನು ಕ್ಷಮಿಸಿದ್ದರೋ ಇಲ್ಲವೋ ತಿಳಿಯದು. ಅವರಿರುವಾಗ ಕೇಳುವ ಧೈರ್ಯ ಬರಲಿಲ್ಲ.

ಈಗ ಬೇರೊಂದು ಕಡೆ ಹೊಸಬರಿಗೆ ಕಲಿಸುವ ಕೆಲಸ ನನ್ನದು. ಪ್ರೊಪೆಲ್ಲರ್ ಬಗ್ಗೆ ಒಂದು ಮಾತು ಆಡುವ ಮುಂಚೆ, ನಾನು ಬಾಯಿಮುಚ್ಚಿ ನಿಂತ ಆ ಬೆಳಿಗ್ಗೆಯನ್ನು ಹೇಳುತ್ತೇನೆ, ಏನನ್ನೂ ಬಿಡದೆ. ಕೇಳಿದ ಮೇಲೆ ಕೆಲವರು ಮಧ್ಯಾಹ್ನದ ಊಟಕ್ಕೆ ನನ್ನ ಪಕ್ಕ ಕೂರುವುದಿಲ್ಲ. ನಾನೂ ಕರೆಯುವುದಿಲ್ಲ.